ಮೊದಲನೇ ಆಪ್ಷನ್

ಹುಳಿಮಾವಿನಾಚೆಯ ಚಂಪಕ ಇಂಜಿನಿಯರಿಂಗ್ ಕಾಲೇಜಿನಿಂದ ಬೆಳಿಗ್ಗೆ ಏಳಕ್ಕೆ ಹೊರಟ ಬಸ್ಸಿನಲ್ಲಿ ಮೂವತ್ತೆರಡು ಮಕ್ಕಳಿದ್ದರು. ಚಿದಾನಂದ ಅವರನ್ನು ಮೂರನೆಯ ಸಲ ಎಣಿಸುತ್ತಿದ್ದ. ಎಣಿಸಲು ಕಾರಣವೇನೂ ಇರಲಿಲ್ಲ, ಎಲ್ಲರೂ ಬಂದಿದ್ದರು. ಆದರೆ ಎಣಿಸುತ್ತಿರುವಷ್ಟು ಹೊತ್ತು ಮುಖಗಳನ್ನು ನೋಡಬೇಕಾಗಿರಲಿಲ್ಲ, ತಲೆಗಳನ್ನು ನೋಡಿದರೆ ಸಾಕಾಗಿತ್ತು. ಹಿಂದಿನ ಸಂಜೆ ಅವನೇ ಕಡ್ಡಾಯವಾಗಿ ಹೇಳಿದ್ದ ಬಿಳಿ ಅಂಗಿ, ಮೆರೂನ್ ಟೈ, ನೀರು ಹಚ್ಚಿ ಒತ್ತಿ ಬಾಚಿದ ಕೂದಲು. ಹದಿನೇಳನೆಯ ತಲೆ ಬಿಂದುಶ್ರೀಯದು. ಕಿಟಕಿಯ ಪಕ್ಕದಲ್ಲಿ ಕೂತು, ಮಡಿಲಲ್ಲಿ ನೋಟುಬುಕ್ಕು ತೆರೆದಿಟ್ಟುಕೊಂಡು, ತುಟಿ ಆಡಿಸದೆ ಓದುತ್ತಿದ್ದಳು. ಹದಿನೇಳಕ್ಕೆ ಬಂದಾಗಲೆಲ್ಲ ಅವನ ಎಣಿಕೆ ಸ್ವಲ್ಪ ತಡೆದು ಮುಂದೆ ಹೋಗುತ್ತಿತ್ತು, ರಸ್ತೆಯ ಉಬ್ಬಿನ ಮೇಲೆ ಗಾಡಿ ಹತ್ತಿಳಿದ ಹಾಗೆ.

ಚಿದಾನಂದ ಚಂಪಕದ ಪ್ಲೇಸ್‌ಮೆಂಟ್ ಆಫೀಸರ್. ಕಂಪನಿಗಳನ್ನು ಕಾಲೇಜಿಗೆ ಕರೆತರುವುದು ಅವನ ಕೆಲಸ. ಆದರೆ ಒಳ್ಳೆಯ ಕಂಪನಿಗಳು ಚಂಪಕದಂಥ ಕಾಲೇಜಿಗೆ ತಾವಾಗಿ ಬರುವುದಿಲ್ಲ. ಹೆಸರಾದ ಒಂದು ಕಾಲೇಜಿಗೆ ಹೋಗಿ ಕೂತು, ಸುತ್ತಮುತ್ತಲಿನ ನಾಲ್ಕಾರು ಕಾಲೇಜುಗಳವರನ್ನು ಅಲ್ಲಿಗೇ ಕರೆಸಿಕೊಳ್ಳುತ್ತವೆ. ಇದಕ್ಕೆ ಪೂಲ್ ಕ್ಯಾಂಪಸ್ ಅನ್ನುತ್ತಾರೆ. ಇವತ್ತಿನದು ಬನಶಂಕರಿಯ ಸುವರ್ಣಾದ್ರಿ ಕಾಲೇಜಿನಲ್ಲಿ. ಚಿಪ್ ಡಿಸೈನ್ ಮಾಡುವ ಕಂಪನಿ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಓದಿದ್ದೇ ಕೆಲಸವಾಗುವಂಥದ್ದು. ಚಂಪಕಕ್ಕೆ ಬರುವವರು ಇನ್ಶೂರೆನ್ಸ್ ಮಾರಿಸುವವರು, ಫೋನಿನಲ್ಲಿ ಗಿರಾಕಿಗಳನ್ನು ಸಮಾಧಾನ ಮಾಡಿಸುವವರು. ಮೂರು ವರ್ಷದಿಂದ ಲ್ಯಾಬಿನ ಬೀಗ ಹಾಕುವವರೆಗೂ ಅಲ್ಲೇ ಕೂತಿರುತ್ತಿದ್ದ ಬಿಂದುಶ್ರೀಗೆ ಈ ವರ್ಷ ಇರುವುದು ಇದೊಂದೇ ಕಂಪನಿ ಎಂಬುದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

ಬಸ್ಸು ಬನ್ನೇರುಘಟ್ಟ ರಸ್ತೆ ಬಿಟ್ಟು ಜೆ.ಪಿ. ನಗರದೊಳಗೆ ತಿರುಗಿ ಸಾರಕ್ಕಿಯ ಕಡೆ ತೆವಳತೊಡಗಿತು. ಬಿಂದುಶ್ರೀಯ ಮನೆ ಇರುವುದು ಸಾರಕ್ಕಿಯಲ್ಲೇ. ಮಾರ್ಕೆಟ್ಟಿನ ಹಿಂದಿನ ಹಳೆ ಊರಿನಲ್ಲಿ, ಒಂದು ಕಾಲಕ್ಕೆ ಅವರದೇ ರಾಗಿ ಹೊಲವಿದ್ದ ಜಾಗಕ್ಕೆ ಕೂಗಳತೆಯಲ್ಲಿ. ಬಸ್ಸು ಹೇಗೂ ಅವಳ ಮನೆಯ ಮುಂದೆಯೇ ಹೋಗುತ್ತದೆ, ಅಲ್ಲೇ ಹತ್ತಿಕೊಳ್ಳುತ್ತೇನೆ ಎಂದು ಅವಳು ಕೇಳಿದ್ದಳು. ಎಲ್ಲರೂ ಕಾಲೇಜಿನಿಂದಲೇ ಹೊರಡಬೇಕು, ಅಲ್ಲಿ ಸಹಿ ಹಾಕಬೇಕು ಎಂದು ಚಿದಾನಂದ ನಿಯಮ ಹೇಳಿದ್ದ. ಹಾಗಾಗಿ ಅವಳು ಐದೂವರೆಗೆ ಎದ್ದು ಸಿಟಿ ಬಸ್ಸು ಹಿಡಿದು ಹುಳಿಮಾವಿನಾಚೆಗೆ ಬಂದು, ಅದೇ ದಾರಿಯಲ್ಲಿ ವಾಪಸು ತನ್ನ ಮನೆಯನ್ನು ದಾಟಿಕೊಂಡು ಹೋಗುತ್ತಿದ್ದಳು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಅವಳು ತಲೆಯೆತ್ತಲಿಲ್ಲ. ಅವನೇ ನೋಡಿದ. ಸೊಪ್ಪಿನ ಗುಡ್ಡೆಗಳು, ಗೋಣಿಚೀಲದ ಮೇಲೆ ಚಿಮುಕಿಸಿದ ನೀರು, ಸೀರೆಯ ಮೇಲೆ ಗಂಡಸರ ಶರಟು ಹಾಕಿಕೊಂಡು ಕೂತ ಹೆಂಗಸರು. ಅವರಲ್ಲಿ ಬಿಂದುಶ್ರೀಯ ತಾಯಿ ನಾರಾಯಣಮ್ಮ ಇರಬಹುದು ಎಂದು ಹೊಳೆದದ್ದೇ ಅವನು ಕತ್ತು ಈ ಕಡೆ ತಿರುಗಿಸಿಕೊಂಡ.

ನಾರಾಯಣಮ್ಮ ಬಂದ ದಿನ ಅವಳ ಕೈಯಲ್ಲಿ ಸಬ್ಬಸಿಗೆ ಸೊಪ್ಪಿನ ವಾಸನೆ ಇತ್ತು. ನಾಲ್ಕು ವರ್ಷದ ಹಿಂದಿನ ಮಾತು. ಸಿಇಟಿ ಫಲಿತಾಂಶ ಬಂದು, ಮಕ್ಕಳು ತಮಗೆ ಬೇಕಾದ ಕಾಲೇಜುಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ಕಂಪ್ಯೂಟರಿನಲ್ಲಿ ತುಂಬಬೇಕಾದ ವಾರ. ಅದಕ್ಕೆ ಆಪ್ಷನ್ ಎಂಟ್ರಿ ಎನ್ನುತ್ತಾರೆ. ಸಾಲಿನಲ್ಲಿ ಯಾವುದು ಮೇಲಿದೆಯೋ ಅದನ್ನೇ ಮೊದಲು ನೋಡುತ್ತಾರೆ, ರ‍್ಯಾಂಕಿಗೆ ಅದು ಸಿಕ್ಕಿತೆಂದರೆ ಕೆಳಗಿನವುಗಳ ಲೆಕ್ಕ ಅಲ್ಲಿಗೆ ಮುಗಿಯಿತು. ಚಂಪಕದ ಗೇಟಿನ ಮುಂದೆ ಶಾಮಿಯಾನ ಹಾಕಿ 'ಉಚಿತ ಮಾರ್ಗದರ್ಶನ' ಎಂದು ಬ್ಯಾನರು ಕಟ್ಟಿದ್ದರು. ಪ್ರತಿಯೊಬ್ಬ ಸಿಬ್ಬಂದಿಯೂ ಹತ್ತು ಸಾವಿರದ ಒಳಗಿನ ಐದು ರ‍್ಯಾಂಕುಗಳನ್ನಾದರೂ ತರಬೇಕು, ಮುಂದಿನ ವರ್ಷದ ಪತ್ರಿಕೆಯಲ್ಲಿ ಫೋಟೋ ಹಾಕಬೇಕು ಎಂದು ಕಾರ್ಯದರ್ಶಿ ಶಂಭುಲಿಂಗಪ್ಪನವರು ಮೀಟಿಂಗಿನಲ್ಲಿ ಹೇಳಿದ್ದರು. ಚಿದಾನಂದನಿಗೆ ಅಲ್ಲಿಯವರೆಗೆ ಒಂದೂ ಸಿಕ್ಕಿರಲಿಲ್ಲ. ಆಗ ಈ ಹೆಂಗಸು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮಗಳ ಅಂಕಪಟ್ಟಿಯನ್ನು ಮೇಜಿನ ಮೇಲಿಟ್ಟಳು. ರ‍್ಯಾಂಕು ಏಳು ಸಾವಿರದ ಇನ್ನೂರು ಚಿಲ್ಲರೆ. ಹಿಂದೆ ಗಂಡ ತಿಮ್ಮರಾಯಪ್ಪ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಆಪ್ಷನ್ ಬದಲಿಸಲು ಇನ್ನೂ ಅವಕಾಶವಿರುವಾಗ ತೋರಿಸುವ ಅಣಕು ಹಂಚಿಕೆಯಲ್ಲಿ ಹುಡುಗಿಗೆ ಆಗಲೇ ಸುವರ್ಣಾದ್ರಿ ಬಂದಿತ್ತು. ಸುಮ್ಮನೆ ಇದ್ದಿದ್ದರೆ ಸಾಕಾಗಿತ್ತು.

ಅವನು ಸುಮ್ಮನಿರಲಿಲ್ಲ. ಮೇಜಿನ ಕೆಳಗಿನಿಂದ ಒಂದು ಹಾಳೆ ತೆಗೆದ. ಎರಡು ಕಾಲಮ್ಮು, ಎಡಕ್ಕೆ ಚಂಪಕ, ಬಲಕ್ಕೆ ಸುವರ್ಣಾದ್ರಿ. ಅದನ್ನು ಬರೆದವನು ಅವನೇ. ಒಂದೇ ಕಂಪನಿ ಐದು ವಿಭಾಗಗಳ ಮಕ್ಕಳನ್ನು ನೋಡಿದ್ದರೆ ಅದನ್ನು ಐದು ಕಂಪನಿ ಎಂದು ಬರೆದಿದ್ದ. ಶೇಕಡ ತೊಂಬತ್ತೆರಡು ಮಂದಿಗೆ ಕೆಲಸ ಎಂದು ದಪ್ಪಕ್ಷರದಲ್ಲಿ ಬರೆದು, 'ಅರ್ಹ ಮತ್ತು ನೋಂದಾಯಿತ ವಿದ್ಯಾರ್ಥಿಗಳಲ್ಲಿ' ಎಂಬುದನ್ನು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಕೆಳಗೆ ಹಾಕಿದ್ದ. ಕೆಲಸ ಸಿಗಲಾರದವರನ್ನು ಮೊದಲೇ ನೋಂದಾಯಿಸಿಕೊಳ್ಳದಿದ್ದರೆ ಆಯಿತು. ಹಾಳೆಯಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಅದರ ಬಗ್ಗೆ ಅವನಿಗೆ ಆಗ ಒಂದು ತರಹದ ಹೆಮ್ಮೆಯೂ ಇತ್ತು. "ಅಲ್ಲಿ ಸಾವಿರಾರು ಜನ ತಾಯಿ, ಯಾರೂ ಯಾರನ್ನೂ ನೋಡಲ್ಲ. ಇಲ್ಲಾದ್ರೆ ನಿಮ್ಮ ಹುಡುಗಿನೇ ಟಾಪರ್. ಕಂಪನಿಯವರು ಟಾಪರನ್ನ ಕೇಳ್ತಾರೆ, ಕಾಲೇಜನ್ನಲ್ಲ" ಎಂದ. ನಾರಾಯಣಮ್ಮ ಹಾಳೆಯನ್ನು ನೋಡಲಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ. ಅವನ ಮುಖವನ್ನೇ ನೋಡುತ್ತ, "ನಿಮಗೆ ಮಕ್ಳೆಷ್ಟು ಸಾರ್?" ಎಂದಳು. "ಒಬ್ಳೇ ಮಗಳು. ಅವಳೂ ಈ ವರ್ಷಾನೇ ಬರ್ದಿದಾಳೆ" ಎಂದ. "ಅವಳನ್ನ ಎಲ್ಲಿಗೆ ಹಾಕ್ತೀರಿ?" ಈ ಪ್ರಶ್ನೆಗೆ ಅವನು ತಯಾರಾಗಿರಲಿಲ್ಲ. ಆದರೂ ಉತ್ತರ ತಡವಾಗದೆ ಬಂತು, ಎಷ್ಟೋ ದಿನದಿಂದ ನಾಲಿಗೆಯ ಮೇಲೆಯೇ ಇದ್ದ ಹಾಗೆ. "ಇಲ್ಲೇ ತಾಯಿ. ಕಣ್ಮುಂದೆ ಇರ್ತಾಳೆ."

ಆ ರಾತ್ರಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವನು ಮಗಳು ಅರ್ಪಿತಳ ಆಪ್ಷನ್ನುಗಳನ್ನು ತುಂಬಿದ. ಅವಳ ರ‍್ಯಾಂಕು ಏಳು ಸಾವಿರದ ಒಂಬೈನೂರು. ಮೊದಲನೆಯದು ಸುವರ್ಣಾದ್ರಿ. ಅದರ ಕೆಳಗೆ ಇನ್ನೂ ನಲವತ್ತಾರು. ಹೆಂಡತಿ ಹಂಸಾ ಹಿಂದೆ ನಿಂತು ಪರದೆಯನ್ನು ಓದುತ್ತಿದ್ದವಳು, "ನಿಮ್ಮ ಕಾಲೇಜು ಹಾಕ್ಲೇ ಇಲ್ವಲ್ರೀ. ಕೊನೇಲಾದ್ರೂ ಒಂದು ಇರ್ಲಿ, ಫೀಸಾದ್ರೂ ಉಳಿಯುತ್ತೆ" ಎಂದಳು. ಅವನು ತಿರುಗದೆ, "ಅಕಸ್ಮಾತ್ ಅಲ್ಲೇ ಸಿಕ್ಬಿಟ್ರೆ ಏನ್ಮಾಡ್ತೀಯ?" ಎಂದ. ಮೂವರೂ ನಕ್ಕಿದ್ದರು. ಅರ್ಪಿತ ಜೋರಾಗಿ, ಹಂಸಾ ಬಾಯಿಗೆ ಸೆರಗು ಹಿಡಿದು. ಈಗ ಬಸ್ಸಿನಲ್ಲಿ ಅವನಿಗೆ ನೆನಪಾದದ್ದು ಆ ಮಾತಲ್ಲ, ಆ ನಗು. ಎಷ್ಟು ಸುಖವಾದ ನಗು ಅದು. ಮೊಸರನ್ನದ ತಟ್ಟೆಯ ಪಕ್ಕದಲ್ಲಿ ಹುಟ್ಟಿ, ಅಲ್ಲೇ ಮುಗಿದು ಹೋದದ್ದು.

ಸುವರ್ಣಾದ್ರಿಯ ಗೇಟಿನಲ್ಲಿ ಸೆಕ್ಯುರಿಟಿಯವನು ಬಸ್ಸನ್ನು ಒಳಗೆ ಬಿಡಲಿಲ್ಲ. "ಹೊರಗಡೆ ಸೈಡಿಗೆ ಹಾಕಿ ಅಣ್ಣ, ಒಳಗೆ ಗೆಸ್ಟ್ ಗಾಡಿ ಬಿಡಲ್ಲ" ಎಂದ. ಮಕ್ಕಳು ಇಳಿದು ಸಾಲಾಗಿ ನಿಂತರು. ಮೇಜಿನ ಮೇಲೆ ಎರಡು ರಾಶಿ ಟ್ಯಾಗು, ನೀಲಿಯವು ಆ ಕಾಲೇಜಿನವರಿಗೆ, ಹಳದಿಯವು ಹೊರಗಿನಿಂದ ಬಂದವರಿಗೆ. ಹಳದಿ ಟ್ಯಾಗು ಕೊರಳಿಗೆ ಬಿದ್ದ ಕೂಡಲೇ ಹುಡುಗರ ದನಿ ತಗ್ಗಿದ್ದನ್ನು ಚಿದಾನಂದ ಗಮನಿಸಿದ. ಬಸ್ಸಿನಲ್ಲಿ ಒಂದೇ ಸಮ ಕಿರುಚುತ್ತಿದ್ದ ಲಿಖಿತ್ ಕೂಡ, "ಸಾರ್, ಟಾಯ್ಲೆಟ್ ಎಲ್ಲಿ ಅಂತ ಕೇಳ್ಬಹುದಾ?" ಎಂದು ಪಿಸುಗುಟ್ಟಿದ. ಅಲ್ಲಿಯ ಪ್ಲೇಸ್‌ಮೆಂಟ್ ಮುಖ್ಯಸ್ಥ ಶಿವರಾಮ್ ಮೆಟ್ಟಿಲ ಮೇಲೆಯೇ ನಿಂತು ಕೈ ಚಾಚಿದರು. "ಬನ್ನಿ ಬನ್ನಿ ಚಿದಾನಂದ್. ಹೆಂಗಿದೆ ನಿಮ್ಮ ಕಡೆ?" ನಿಮ್ಮ ಕಡೆ ಎಂದರೆ ಮಳೆ ಬೆಳೆ ಹೇಗೆ ಎಂದು ಕೇಳಿದಂತೆ. "ಪರವಾಗಿಲ್ಲ ಸಾರ್" ಎಂದ. ಕೈ ಕೊಡುವಾಗ ಅವನು ಒಂದು ಮೆಟ್ಟಿಲು ಕೆಳಗೇ ನಿಂತಿದ್ದ. ಮೇಲೆ ಹತ್ತಿಕೊಳ್ಳಬೇಕೆಂದು ಹೊಳೆಯುವ ಹೊತ್ತಿಗೆ ಶಿವರಾಮ್ ಇನ್ನೊಬ್ಬರ ಕಡೆ ತಿರುಗಿಯಾಗಿತ್ತು.

ಅರ್ಪಿತ ಇವತ್ತು ಕಾಲೇಜಿನಲ್ಲಿ ಇರುವುದಿಲ್ಲ ಎಂದು ಅವನು ತಿಳಿದಿದ್ದ. ಅವಳಿಗೆ ಬೇಸಿಗೆಯಲ್ಲೇ ಕೆಲಸ ಸಿಕ್ಕಿಯಾಗಿತ್ತು. ಈಗ ಕ್ಲಾಸಿಗೂ ಸರಿಯಾಗಿ ಹೋಗುತ್ತಿರಲಿಲ್ಲ. ಪರೀಕ್ಷೆಯ ಹಾಲಿನ ಹೊರಗೆ ಅವನು ಹೆಸರುಗಳನ್ನು ಸರಿನೋಡುತ್ತಿದ್ದಾಗ, ಪಕ್ಕದಲ್ಲಿ ಬಿಂದುಶ್ರೀ ನಿಂತು, "ಸಾರ್, ಕ್ಯಾಲ್ಕುಲೇಟರ್ ಬಿಡ್ತಾರಾ?" ಎಂದು ಕೇಳುತ್ತಿದ್ದಾಗ, ಕಾರಿಡಾರಿನ ಆ ತುದಿಯಿಂದ "ಅಪ್ಪಾ!" ಎಂಬ ಕೂಗು ಬಂತು. ಅರ್ಪಿತ ನೀಲಿ ಟ್ಯಾಗು ಕುಣಿಸುತ್ತ, ಕೈಯಲ್ಲಿ ನೀರಿನ ಬಾಟಲಿಗಳ ಕಟ್ಟು ಹಿಡಿದು ಬಂದಳು. "ನಾನು ಇವತ್ತು ವಾಲಂಟಿಯರ್. ಹೇಳಿದ್ರೆ ನೀನು ಬೇಡ ಅಂತೀಯ ಅಂತ ಹೇಳ್ಲಿಲ್ಲ. ತಿಂಡಿ ತಿಂದ್ಯಾ? ಮುಖ ಯಾಕೆ ಹಂಗಿದೆ?" ಕಾರಿಡಾರಿನ ಹೊಳೆಯುವ ನೆಲ, ಗೋಡೆಯ ಮೇಲೆ ಸಾಲಾಗಿ ತೂಗಿದ ಕಂಪನಿಗಳ ಹೆಸರು, ಮಗಳ ಕೊರಳಿನ ನೀಲಿ ಪಟ್ಟಿ ಎಲ್ಲವೂ ಅತಿ ಸ್ಪಷ್ಟವಾಗಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ಕಂಡವು. ಬಿಂದುಶ್ರೀ ಅರ್ಪಿತಳನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಆಮೇಲೆ ನೆಲವನ್ನು. "ನಾನು ಲೈನಲ್ಲಿ ನಿಂತ್ಕೋತೀನಿ ಸಾರ್" ಎಂದು ಹೇಳಿ ಹೊರಟುಹೋದಳು. ಅರ್ಪಿತ ಅವಳ ಬೆನ್ನನ್ನೇ ನೋಡುತ್ತ, "ಈ ಹುಡುಗೀನ ಎಲ್ಲೋ ನೋಡಿದೀನಪ್ಪ" ಎಂದಳು. ಅವನು, "ಸಾರಕ್ಕಿಯವಳು, ಅಲ್ಲೆಲ್ಲೋ ನೋಡಿರ್ತೀಯ" ಎಂದ. "ನಿನ್ನ ಸ್ಟಾರ್ ಕ್ಯಾಂಡಿಡೇಟಾ?" "ಹೂಂ." "ಹಂಗಾದ್ರೆ ಆಲ್ ದಿ ಬೆಸ್ಟ್ ಹೇಳ್ಬೇಕಿತ್ತು" ಎಂದು ಅವಳು ಆ ಕಡೆ ಹೆಜ್ಜೆಯಿಟ್ಟಳು. ಅವನು ಅವಳ ಮೊಣಕೈ ಹಿಡಿದು ನಿಲ್ಲಿಸಿದ. ಬೇಕೆಂದಿದ್ದಕ್ಕಿಂತ ಜೋರಾಗಿಯೇ ಹಿಡಿದಿರಬೇಕು. "ಏನಪ್ಪ!" ಎಂದು ಅವಳು ಕೈ ಬಿಡಿಸಿಕೊಂಡು, ಉಜ್ಜಿಕೊಂಡು, ಅವನನ್ನು ಒಂದು ಕ್ಷಣ ಅಪರಿಚಿತನನ್ನು ನೋಡುವಂತೆ ನೋಡಿ ಹೋದಳು.

ಪರೀಕ್ಷೆ ನಡೆದ ಒಂದೂವರೆ ಗಂಟೆ ಅವನು ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದ. ಈಗ ಹುಡುಗಿ ಪ್ರಶ್ನೆ ಓದುತ್ತಿರುವಳೇ, ಇಲ್ಲ ಆ ನೀಲಿ ಟ್ಯಾಗನ್ನೇ ನೋಡುತ್ತಿರುವಳೇ? ನಾಲ್ಕು ವರ್ಷ ಅವನು ಒಂದು ಲೆಕ್ಕ ಇಟ್ಟುಕೊಂಡು ಬಂದಿದ್ದ. ಅವಳಿಗೊಂದು ಒಳ್ಳೆಯ ಕೆಲಸ ಸಿಕ್ಕಿಬಿಟ್ಟರೆ ತಾನು ಹೇಳಿದ್ದು ಸುಳ್ಳಾಗಿಯೇ ಉಳಿಯುವುದಿಲ್ಲ. ಎಲ್ಲಿಂದ ಹೋದರೂ ತಲುಪಿದ್ದು ಒಂದೇ ಕಡೆಗಲ್ಲವೇ ಎಂದುಕೊಳ್ಳಬಹುದು. ಅದಕ್ಕಾಗಿ ಅವಳಿಗೆ ಲ್ಯಾಬಿನ ಬೀಗದ ಕೈ ಕೊಡಿಸಿದ್ದ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಹುಡುಕಿ ತಂದುಕೊಟ್ಟಿದ್ದ. ಈ ಕಂಪನಿಯ ಪೂಲಿನಲ್ಲಿ ಚಂಪಕದ ಹೆಸರು ಸೇರಿಸಿಕೊಳ್ಳಿ ಎಂದು ಶಿವರಾಮ್‌ಗೆ ಹನ್ನೊಂದು ಸಲ ಫೋನು ಮಾಡಿದ್ದ. "ಬಿಂದುಗೆ ನಿಮ್ಮನ್ನ ಕಂಡ್ರೆ ತುಂಬ ಗೌರವ ಸಾರ್" ಎಂದು ಯಾರೋ ಹೇಳಿದಾಗ ನಾಚಿಕೆಯಾಗುವ ಬದಲು ಖುಷಿಯಾಗಿತ್ತು. ಅದನ್ನು ನೆನೆದು ಈಗ ಕಿವಿ ಬಿಸಿಯಾಯಿತು. ಫೋನು ತೆಗೆದು, 'ಬಿಂದು, ಒಂದು ವಿಷಯ' ಎಂದು ಟೈಪು ಮಾಡಿದ. ಒಳಗೆ ಹೋಗುವಾಗ ಫೋನುಗಳನ್ನೆಲ್ಲ ಇಟ್ಟುಕೊಂಡಿದ್ದರು, ಅವಳು ಓದಲಾರಳು ಎಂಬುದು ಗೊತ್ತಿದ್ದೇ ಟೈಪು ಮಾಡಿದ. ಅಳಿಸಿದ. ಎದುರಿನ ಕ್ಯಾಂಟೀನಿನಲ್ಲಿ ನೀಲಿ ಟ್ಯಾಗಿನ ಇಬ್ಬರು ಹುಡುಗರು ಮಾತಾಡುತ್ತಿದ್ದರು. "ಹೊರಗಿನೋರಿಗೆ ಕಟಾಫ್ ಎಪ್ಪತ್ತೈದಂತೆ ಮಗಾ, ನಮಗೆ ಅರವತ್ತು." "ಪಾಪ ಗುರು, ಅಷ್ಟು ದೂರದಿಂದ ಬಂದಿರ್ತಾರೆ." ಪಾಪ ಎಂದವನು ನಿಜವಾಗಿಯೂ ಒಳ್ಳೆಯ ಹುಡುಗನಿರಬೇಕು. ಚಿದಾನಂದನಿಗೆ ಅವನ ಕೆನ್ನೆಗೆ ಬಾರಿಸಬೇಕು ಎನ್ನಿಸಿತು.

ಹನ್ನೆರಡಕ್ಕೆ ಪಟ್ಟಿ ಅಂಟಿಸಿದರು. ಚಂಪಕದ ಮೂವರು ಇಂಟರ್‌ವ್ಯೂಗೆ ಉಳಿದಿದ್ದರು. ಲಿಖಿತ್‌ಗೆ ಎಪ್ಪತ್ತಾರು, ವಿಜಯಕುಮಾರ್ ಎಂಬ ಹುಡುಗನಿಗೆ ಎಪ್ಪತ್ತೇಳು, ಬಿಂದುಶ್ರೀಗೆ ಎಂಬತ್ತೆಂಟು. ಎಲ್ಲ ಕಾಲೇಜುಗಳನ್ನೂ ಸೇರಿಸಿದರೆ ಅವಳದು ಎರಡನೆಯ ಅಂಕ. ಚಿದಾನಂದ ಬೆರಳಿಟ್ಟು ಓದಿದ, ಇನ್ನೊಮ್ಮೆ ಓದಿದ. ಹಾಗಾದರೆ ಏನೂ ಆಗಲಿಲ್ಲ. ಬೆಳಗಿನದು ಅವಳನ್ನು ಕೆಡಿಸಿಲ್ಲ. ಹಿಂದೆ ತಿರುಗಿ ನೋಡಿದರೆ ಅವಳು ಗೋಡೆಗೆ ಒರಗಿ ಬಾಟಲಿಯಿಂದ ನೀರು ಕುಡಿಯುತ್ತಿದ್ದಳು. ಅರ್ಪಿತ ಹಂಚಿದ ಬಾಟಲಿಯೇ ಇರಬೇಕು. "ಚೆನ್ನಾಗಿ ಮಾಡಿದೀಯಮ್ಮ" ಎಂದ. "ಥ್ಯಾಂಕ್ಯೂ ಸಾರ್" ಎಂದಳು, ಎಂದಿನ ದನಿಯಲ್ಲಿ. ಆ ಎಂದಿನ ದನಿಯನ್ನೇ ಅವನಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅವಳ ಇಂಟರ್‌ವ್ಯೂ ನಲವತ್ತು ನಿಮಿಷ ನಡೆಯಿತು. ಹುಡುಗರದು ಹದಿನೈದು ನಿಮಿಷವೂ ಆಗಿರಲಿಲ್ಲ. ಹೊರಗೆ ಬಂದವಳು ಯಾರ ಕಡೆಯೂ ನೋಡದೆ ಬಸ್ಸಿನ ದಿಕ್ಕಿಗೆ ನಡೆದಳು. ಮೂರೂವರೆಗೆ ಕಂಪನಿಯ ಸುನಿತಾ ಎಂಬಾಕೆ ಚಿದಾನಂದನನ್ನು ಒಳಗೆ ಕರೆಸಿದರು. ಅವನಿಗಿಂತ ಹತ್ತು ವರ್ಷವಾದರೂ ಚಿಕ್ಕವರು, ಬೆಳಗಿನಿಂದ ಮಾತಾಡಿ ದನಿ ಒಡೆದಿತ್ತು. "ಕೂತ್ಕೊಳಿ ಸಾರ್. ನಿಮ್ಮಲ್ಲಿಂದ ಇಬ್ರು ಹುಡುಗರನ್ನ ತಗೊಂಡಿದೀವಿ. ಕಂಗ್ರಾಟ್ಸ್." ಅವನು ಮೂರನೆಯ ಹೆಸರಿಗಾಗಿ ಕಾದ. "ಆ ಹುಡುಗಿ ಬಿಂದುಶ್ರೀ ತುಂಬ ಶಾರ್ಪು. ಟೆಕ್ನಿಕಲ್ ಎಲ್ಲ ಸಖತ್ತಾಗಿ ಮಾಡಿದ್ಲು. ನಾನೇ ಎರಡು ಸಲ ಪ್ಯಾನೆಲ್ ಹತ್ರ ಮಾತಾಡ್ದೆ." ಸುನಿತಾ ಪೆನ್ನಿನ ಮುಚ್ಚಳ ತೆಗೆದು ಹಾಕಿದರು. "ಆದ್ರೆ ಒಂದು ವಿಷಯ ಎಲ್ಲರಿಗೂ ಕೊರೀತಿತ್ತು. ಆ ರ‍್ಯಾಂಕಿಗೆ ಈ ಕಾಲೇಜೇ ಸಿಗ್ತಿತ್ತು. ಯಾಕಮ್ಮ ತಗೊಳ್ಲಿಲ್ಲ ಅಂತ ಕೇಳಿದ್ವಿ. ಅವಳೇನಂದ್ಲು ಗೊತ್ತಾ? ಚಂಪಕ ಮನೆಗೆ ಹತ್ರ, ಅದಕ್ಕೇ ಸೇರ್ಕೊಂಡೆ ಅಂದ್ಲು. ನೋಡಿ, ಸಾರ್, ನಮಗೆ ಹೈದರಾಬಾದಿಗೋ ಪುಣೆಗೋ ಹೋಗು ಅಂದ್ರೆ ಹೋಗೋರು ಬೇಕು. ಇಷ್ಟು ಬುದ್ಧಿ ಇಟ್ಕೊಂಡು ಮನೆ ಹತ್ರ ಅಂತ ನೋಡೋರು, ನಾಳೆ ಮದ್ವೆ ಅಂತ ಬಿಟ್ಟು ಹೋಗ್ತಾರೆ ಅಂತ ಪ್ಯಾನೆಲ್ಲಿನೋರು ಅಂದ್ರು. ಆಂಬಿಷನ್ ಇಲ್ಲ ಅಂತ ಬರೆದ್ರು."

ಸಾರಕ್ಕಿಯಿಂದ ಚಂಪಕಕ್ಕೆ ಬೆಳಗಿನ ಟ್ರಾಫಿಕ್ಕಿನಲ್ಲಿ ಒಂದೂಕಾಲು ಗಂಟೆ. ಸಾರಕ್ಕಿಯಿಂದ ಈ ಕೋಣೆಗೆ, ಈ ಮೇಜಿಗೆ, ನಡೆದುಕೊಂಡು ಬಂದರೂ ಅರ್ಧ ಗಂಟೆ. ಅದು ಚಿದಾನಂದನಿಗೆ ಗೊತ್ತಿತ್ತು. ಎದುರಿಗೆ ಕೂತವರಿಗೆ ಗೊತ್ತಿರಲಿಲ್ಲ; ಅವರ ಹಾಳೆಯಲ್ಲಿ ಅವಳ ವಿಳಾಸ ಬೆಂಗಳೂರು ಎಂದಷ್ಟೇ ಇತ್ತು. ಒಂದು ವಾಕ್ಯ ಸಾಕಾಗಿತ್ತು. ಮೇಡಂ, ಅವಳು ಸುಳ್ಳು ಹೇಳಿದಾಳೆ, ನನ್ನನ್ನ ಕಾಪಾಡೋಕೆ. ಅವಳನ್ನ ಅಲ್ಲಿಗೆ ಸೇರಿಸಿದ್ದು ನಾನು. ವಾಕ್ಯ ಪೂರ್ತಿಯಾಗಿ, ಅಲ್ಪವಿರಾಮಗಳ ಸಮೇತ, ಅವನ ಗಂಟಲಿನವರೆಗೆ ಬಂತು. ಅಷ್ಟರಲ್ಲಿ ಪಕ್ಕದ ಕುರ್ಚಿಯಲ್ಲಿ ಶಿವರಾಮ್ ಇದ್ದಾರೆ ಎಂಬುದು ಕಣ್ಣಿಗೆ ಬಿತ್ತು. ಅವರು ಹೇಳಿದರೆ ಶಂಭುಲಿಂಗಪ್ಪನವರಿಗೆ ತಿಳಿಯುತ್ತದೆ, ತನ್ನ ಹಾಳೆಯ ಕಥೆ ನಾಲ್ಕು ಕಾಲೇಜುಗಳಲ್ಲಿ ಹರಡುತ್ತದೆ, ಅರ್ಪಿತಳ ಕಿವಿಗೆ ಬೀಳುತ್ತದೆ. "ಮೇಡಂ, ಅವಳು..." ಎಂದ. "ಹೇಳಿ ಸಾರ್" ಎಂದು ಸುನಿತಾ ಮುಂದಕ್ಕೆ ಬಾಗಿದರು. ಅವರ ಮುಖದಲ್ಲಿ ನಿಜವಾದ ಆಸೆ ಇತ್ತು, ಒಂದು ಕಾರಣ ಕೊಡು ಎಂಬಂತೆ. "ಅವಳು ಕಷ್ಟಪಟ್ಟು ಓದೋ ಹುಡುಗಿ" ಎಂದ. "ಅದು ಗೊತ್ತಾಯ್ತು" ಎಂದು ಅವರು ಹಿಂದಕ್ಕೆ ಒರಗಿದರು. ಶಿವರಾಮ್ ನಗುತ್ತ, "ಇವರ ಮಗಳು ನಮ್ಮಲ್ಲೇ ಮೇಡಂ. ಬೆಳಿಗ್ಗೆಯಿಂದ ನಿಮಗೆ ನೀರು ತಂದ್ಕೊಡ್ತಿದ್ಲಲ್ಲ, ಅರ್ಪಿತ" ಎಂದರು. "ಓ! ಗುಡ್ ಚಾಯ್ಸ್ ಸಾರ್" ಎಂದರು ಸುನಿತಾ. ಚಿದಾನಂದ ಎದ್ದು, "ಥ್ಯಾಂಕ್ಯೂ ಮೇಡಂ" ಎಂದ. ಬಾಗಿಲ ಹೊರಗೆ ಬಂದ ಮೇಲೆ, ತಾನು ಯಾವುದಕ್ಕೆ ಥ್ಯಾಂಕ್ಯೂ ಹೇಳಿದೆ ಎಂದು ಯೋಚಿಸಿದ.

ವಾಪಸಾಗುವಾಗ ಬಸ್ಸಿನ ಹಿಂದಿನ ಸೀಟುಗಳಲ್ಲಿ ಗಲಾಟೆ. ಲಿಖಿತ್‌ನನ್ನು ಹುಡುಗರು ಎತ್ತಿ ಕುಣಿಸುತ್ತಿದ್ದರು. "ಸಾರ್, ನಾಳೆ ಎಲ್ಲರಿಗೂ ಮಸಾಲೆದೋಸೆ, ನಂದು!" ಎಂದು ಅವನು ಕೂಗಿದ. ಚಿದಾನಂದ ಕೈಯೆತ್ತಿ ತೋರಿಸಿದ. ಬಿಂದುಶ್ರೀ ಅವನ ಪಕ್ಕದ ಸಾಲಿನಲ್ಲಿ, ಮೊದಲ ಸೀಟಿನಲ್ಲಿ ಕೂತಿದ್ದಳು. "ಸಾರ್, ಸಾರಕ್ಕೀಲಿ ಇಳೀಬಹುದಾ? ಸಹಿ ನಾಳೆ ಹಾಕ್ತೀನಿ" ಎಂದು ಕೇಳಿದಳು. ಆ ಪ್ರಶ್ನೆಯಲ್ಲಿ ಚುಚ್ಚು ಇದೆಯೇ ಎಂದು ಅವನು ಅವಳ ಮುಖವನ್ನು ಹುಡುಕಿದ. ಇರಲಿಲ್ಲ. ಅವಳಿಗೆ ದಣಿವಾಗಿತ್ತು, ಅಷ್ಟೆ. ಟೈ ಬಿಚ್ಚಿ ಬೆರಳಿಗೆ ಸುತ್ತಿಕೊಂಡಿದ್ದಳು.

"ಮನೆಗೆ ಹತ್ರ ಅಂತ ಯಾಕೆ ಹೇಳ್ದೆ?" ಅವನು ಕೇಳಿದ.

"ಬೇರೆ ಏನು ಹೇಳ್ಲಿ ಸಾರ್?"

"ನಿಜ ಹೇಳ್ಬಹುದಿತ್ತು. ಬಿಂದು, ನಾನು ನಿಮ್ಮಮ್ಮನಿಗೆ ಅವತ್ತು... ನನ್ನ ಮಗಳು..." ಅವನು ಸೀಟಿನ ಅಂಚಿಗೆ ಸರಿದ. "ಇವತ್ತು ಬೆಳಿಗ್ಗೆ ನೀನು ನೋಡಿದ್ಯಲ್ಲ."

"ಇವತ್ತಲ್ಲ ಸಾರ್" ಎಂದಳು ಬಿಂದುಶ್ರೀ. "ಎರಡನೇ ಸೆಮಿಸ್ಟರಲ್ಲಿ ಸುವರ್ಣಾದ್ರೀಲೊಂದು ಫೆಸ್ಟಿಗೆ ಹೋಗಿದ್ವಿ. ನಿಮ್ಮ ಮಗಳು ರಂಗೋಲಿ ಕಾಂಪಿಟಿಷನ್ನಲ್ಲಿ ನನ್ನ ಪಕ್ಕ ಕೂತಿದ್ಲು. ಯಾವ ಕಾಲೇಜು ಅಂದ್ಲು. ಚಂಪಕ ಅಂದೆ. ಅಯ್ಯೋ, ನಮ್ಮಪ್ಪ ಅಲ್ಲೇ ಪ್ಲೇಸ್‌ಮೆಂಟ್ ಆಫೀಸರ್ ಅಂದ್ಲು. ಅವಳಿಗೆ ಮರ್ತೋಗಿದೆ ಅನ್ಸುತ್ತೆ."

ಮೂರು ವರ್ಷ. ಚಿದಾನಂದನಿಗೆ ಒಂದೊಂದಾಗಿ ನೆನಪಾದವು. ಬೀಗದ ಕೈ ಕೊಟ್ಟಾಗ ಎರಡೂ ಕೈ ಚಾಚಿ ಇಸಿದುಕೊಂಡಿದ್ದು. ಶಿಕ್ಷಕರ ದಿನಾಚರಣೆಗೆ ಮನೆಯಲ್ಲಿ ಬೆಳೆದ ಸೇವಂತಿಗೆ ತಂದು ಅವನ ಮೇಜಿನ ಮೇಲೆ ಇಟ್ಟಿದ್ದು. ಎಲ್ಲ ಸಾರ್‌ಗಳಲ್ಲೂ ನಿಮ್ಮ ಹತ್ತಿರ ಮಾತ್ರ ಡೌಟು ಕೇಳೋಕೆ ಹೆದರಿಕೆ ಆಗಲ್ಲ ಎಂದಿದ್ದು. ಎಲ್ಲವನ್ನೂ ಅವಳು ತಿಳಿದೇ ಮಾಡಿದ್ದಳು. ಹಿಂದೆ ಹುಡುಗರು ಏನನ್ನೋ ತಾಳಕ್ಕೆ ಸರಿಯಾಗಿ ಸೀಟಿನ ಮೇಲೆ ಬಡಿಯುತ್ತಿದ್ದರು. "ನಾನು ಇವತ್ತೇ ನಿಮ್ಮ ಮನೆಗೆ ಬರ್ತೀನಿ. ನಿಮ್ಮ ತಾಯಿಗೆ ನಾನೇ ಹೇಳ್ತೀನಿ" ಎಂದ. ಹಾಗೆ ಹೇಳುತ್ತಿದ್ದಂತೆ ಎದೆಯ ಮೇಲಿಂದ ಏನೋ ಸರಿದಂತಾಯಿತು. ಬೈಸಿಕೊಳ್ಳುವುದು ಎಷ್ಟು ಸುಲಭ, ಎಷ್ಟು ಹತ್ತಿರವಿದೆ.

"ಬೇಡ ಸಾರ್." ಅವಳು ಮೊದಲ ಸಲ ನೇರವಾಗಿ ಅವನ ಕಡೆ ತಿರುಗಿದಳು. "ಹೇಳ್ಬೇಡಿ. ನಮ್ಮಪ್ಪ ಸುವರ್ಣಾದ್ರೀನೇ ಇರ್ಲಿ ಅಂದಿದ್ರು. ಅಮ್ಮನೇ ಎರಡು ದಿನ ಜಗಳ ಆಡಿ, ನಾನು ವಿಚಾರಿಸ್ಕೊಂಡು ಬಂದಿದೀನಿ, ಆ ಸಾರು ತಮ್ಮ ಮಗಳನ್ನೇ ಹಾಕ್ತಿದಾರೆ ಅಂತ ಬದಲಾಯಿಸಿದ್ದು. ಈಗ ಹೇಳಿದ್ರೆ ಅವಳಿಗೆ ನಿಮ್ಮ ಮೇಲೆ ಸಿಟ್ಟು ಬರಲ್ಲ. ಅವಳ ಮೇಲೆ ಅವಳಿಗೇ ಬರುತ್ತೆ. ಓದು ಬರ್ದೇ ಇದ್ದೋಳು ನಾನು ಯಾಕೆ ಬಾಯಿ ಹಾಕ್ದೆ ಅಂತ ಕೊರಗ್ತಾಳೆ. ಅಪ್ಪನೂ ಸುಮ್ನೆ ಬಿಡಲ್ಲ. ನನಗೆ ಕೆಲ್ಸ ಇವತ್ತಲ್ಲ ನಾಳೆ ಎಲ್ಲೋ ಒಂದು ಸಿಗುತ್ತೆ ಸಾರ್. ಅವಳು ಮಾತ್ರ..." ಅಲ್ಲಿಗೆ ನಿಲ್ಲಿಸಿ ಟೈಯನ್ನು ಬೆರಳಿಂದ ಬಿಚ್ಚಿ ಮತ್ತೆ ಸುತ್ತತೊಡಗಿದಳು. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಕ್ಷಮಿಸು ಎಂದು ಹೇಳಲು ಚಿದಾನಂದ ಬಾಯಿ ತೆರೆದ. ಅವಳು ಕ್ಷಮಿಸಿದ್ದಾಳೆಯೇ, ಅಥವಾ ಅವನಿಗೆ ಏನನ್ನೂ ಕೊಡದೆ, ತನ್ನ ತಾಯಿಯ ಕಾವಲಿಗೆ ನಿಂತಿದ್ದಾಳೆಯೇ ಎಂಬುದು ಅವನಿಗೆ ತಿಳಿಯಲಿಲ್ಲ. ಅಥವಾ ತಿಳಿದಿತ್ತು.

ಸಾರಕ್ಕಿ ಸಿಗ್ನಲ್ಲು ದಾಟಿ ಬಸ್ಸು ನಿಂತಾಗ ನಾರಾಯಣಮ್ಮ ಅಲ್ಲೇ ಕಾಯುತ್ತಿದ್ದಳು. ಇವತ್ತು ವ್ಯಾಪಾರಕ್ಕೆ ಕೂತಿರಲಿಲ್ಲ. ತಲೆ ಬಾಚಿ ಹೂ ಮುಡಿದು, ಮದುವೆ ಮನೆಗೆ ಹೊರಟವಳ ಹಾಗೆ ಸೀರೆ ಉಟ್ಟಿದ್ದಳು. ಮಗಳು ಇಳಿಯುವ ಮೊದಲೇ ಅವಳ ಕಣ್ಣು ಬಸ್ಸಿನ ಕಿಟಕಿಗಳಲ್ಲಿ ಚಿದಾನಂದನನ್ನು ಹುಡುಕಿತು. "ಸಾರ್! ಆಯ್ತಾ ಸಾರ್?" ಬಿಂದುಶ್ರೀ ಕೆಳಗಿಳಿದು ತಾಯಿಯ ಹಿಂದೆ ನಿಂತಳು. ಅಲ್ಲಿಂದ ಅವನನ್ನು ನೋಡಿದಳು. ಅವನು ಕಿಟಕಿಯ ಸರಳು ಹಿಡಿದುಕೊಂಡು, "ಇಲ್ಲ ತಾಯಿ. ಹುಡುಗಿದೇನೂ ತಪ್ಪಿಲ್ಲ. ಅವಳೇ ಎಲ್ಲರಿಗಿಂತ ಚೆನ್ನಾಗಿ ಮಾಡಿದ್ಲು. ನಮ್ಮ ಕಾಲೇಜಿಗೆ ಇದ್ದಿದ್ದೇ ಎರಡು ಜಾಗ" ಎಂದ. ನಾರಾಯಣಮ್ಮನ ಮುಖ ಒಂದು ಕ್ಷಣ ಖಾಲಿಯಾಯಿತು. ಆಮೇಲೆ ಅವಳೇ ಅದನ್ನು ಕಷ್ಟಪಟ್ಟು ತುಂಬಿಕೊಂಡಳು. "ಹೋಗ್ಲಿ ಬಿಡಿ. ನೀವು ಇಷ್ಟು ಮಾಡಿದ್ರಲ್ಲ" ಎಂದಳು. ಹಿಂದಿನಿಂದ ಆಟೋದವನು ಹಾರ್ನು ಬಡಿಯುತ್ತಿದ್ದ. ಡ್ರೈವರು ಗೇರು ಹಾಕಿದ. ಅವಳು ಬಸ್ಸಿನ ಜೊತೆ ಎರಡು ಹೆಜ್ಜೆ ಬಂದು, "ನಿಮ್ಮ ಮಗಳಿಗೆ ಆಯ್ತಾ ಸಾರ್?" ಎಂದು ಕೇಳಿದಳು.

ಚಿದಾನಂದ ಬಿಂದುಶ್ರೀಯ ಕಡೆ ನೋಡಲಿಲ್ಲ.

"ಇಲ್ಲ ತಾಯಿ" ಎಂದ. "ಅವಳಿಗೂ ಆಗ್ಲಿಲ್ಲ."

"ಅಯ್ಯೋ, ಪಾಪ" ಎಂದಳು ನಾರಾಯಣಮ್ಮ. ತನ್ನ ಮಗಳಿಗಾಗಿ ತಡೆದುಕೊಂಡಿದ್ದ ಕಣ್ಣೀರು ಅವನ ಮಗಳಿಗಾಗಿ ತಟ್ಟನೆ ಕಣ್ಣಲ್ಲಿ ತುಂಬಿತು. ಚಲಿಸುತ್ತಿದ್ದ ಬಸ್ಸಿನ ಸರಳಿನ ಮೇಲೆ ಅವಳು ಕೈಯಿಟ್ಟಳು, ಅವನ ಬೆರಳುಗಳ ಮೇಲೆಯೇ. "ಬೇಜಾರ್ ಮಾಡ್ಕೋಬೇಡಿ ಸಾರ್. ನೀವು ಕುಗ್ಗಿದ್ರೆ ಆ ಮಗ ಇನ್ನೂ ಕುಗ್ಗುತ್ತೆ. ಮನೆಗೆ ಹೋಗಿ ಅದಕ್ಕೇನೂ ಅನ್ಬೇಡಿ. ಊಟ ಮಾಡ್ಸಿ, ಸುಮ್ನೆ ಪಕ್ಕದಲ್ಲಿ ಕೂತ್ಕೊಳಿ."